ಮುದ್ದಮ್ಮ ಹತ್ತಿದ ವ್ಯಾನು

ರವಿಕುಮಾರ ಎಸೆದ ಪ್ಲಾಸ್ಟಿಕ್ ಕುರ್ಚಿ ಚರಂಡಿಯ ಕಲ್ಲಿಗೆ ಬಡಿದು ಮಗುಚಿ ಬಿತ್ತು. ಕುರ್ಚಿಯ ನಡುವೆ ಗರಗಸದಿಂದ ದುಂಡಗೆ ಕೊರೆದ ತೂತಿತ್ತು. ಆ ತೂತು ಈಗ ಇಡೀ ಬೀದಿಗೆ ಕಾಣುತ್ತಿತ್ತು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು.

“ಇದೇನು ವ್ಯಾನೋ, ಕಕ್ಕಸೋ? ಮನೆ ಮುಂದೆ ನಿಲ್ಲಿಸ್ಕೊಂಡಿದ್ದೀಯಲ್ಲ, ನಾಚ್ಕೆ ಆಗಲ್ವಾ ನಿನಗೆ? ನನ್ನ ಮಗಳನ್ನ ನೋಡೋಕೆ ಬರೋರು ಮೊದಲು ಇದನ್ನ ನೋಡ್ಬೇಕಾ?”

ಪವಿತ್ರ ವ್ಯಾನಿನ ಒಳಗೆ ಮಂಡಿಯೂರಿ ಹಲಗೆಗೆ ಮೊಳೆ ಹೊಡೆಯುತ್ತಿದ್ದವಳು ಸುತ್ತಿಗೆ ಹಿಡಿದುಕೊಂಡೇ ಕೆಳಗಿಳಿದಳು. ರವಿಕುಮಾರ ಅವಳ ಗಂಡನ ಅಣ್ಣ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಸಂಘದ ಸಭೆಗಳಲ್ಲಿ ಭಾಷಣವನ್ನೂ ಮಾಡುವವನು. ಅವನು ಮಾತಾಡಿದರೆ ಮನೆಯಲ್ಲಿ ಯಾರೂ ಎದುರು ಹೇಳುವುದಿಲ್ಲ ಎಂಬುದು ನಂಜನಗೂಡಿನ ಆ ಬೀದಿಗೆಲ್ಲ ಗೊತ್ತಿತ್ತು.

“ಅದನ್ನ ಎತ್ಕೊಂಡ್ ಬನ್ನಿ ಭಾವ.”

“ಏನಂದೆ?”

“ಎಸೆದಿದ್ದು ನೀವು ತಾನೆ? ನೀವೇ ಎತ್ಕೊಂಡ್ ಬನ್ನಿ ಅಂದೆ.”

“ಲೇ ಜಗನ್!” ರವಿಕುಮಾರ ಒಳಗೆ ತಿರುಗಿ ಕೂಗಿದ. “ಬಾರೋ ಈಚೆ! ನೋಡು ನಿನ್ನ ಹೆಂಡ್ತಿ ಬಾಯಿ! ಮಕ್ಕಳು ಮರಿ ಅಂತ ಇದ್ದಿದ್ರೆ ಗೊತ್ತಾಗ್ತಿತ್ತು ಇವಳಿಗೆ ಮನೆ ಮಾನ ಅಂದ್ರೆ ಏನು ಅಂತ...”

ಜಗನ್ ಬಾಗಿಲಿಗೆ ಬಂದ, ಅಣ್ಣನ ಮುಖ ನೋಡಿದ, ಹೆಂಡತಿಯ ಕೈಯಲ್ಲಿದ್ದ ಸುತ್ತಿಗೆ ನೋಡಿದ, ಹೊಸ್ತಿಲ ಮೇಲೇ ನಿಂತ. ಅವನನ್ನು ಫ್ಯಾಕ್ಟರಿಗೆ ಸೇರಿಸಿದ್ದು ಅಣ್ಣ. ಆ ಉಪಕಾರ ಅವನ ಬೆನ್ನಿನ ಮೇಲೆ ಗೂನಿನ ಹಾಗೆ ಕೂತಿತ್ತು. ಅವನ ಪಕ್ಕದಿಂದ ನುಸುಳಿಕೊಂಡು ಹೊರಗೆ ಬಂದವಳು ತಾಯಿ ಮುದ್ದಮ್ಮ. ಯಾರ ಮುಖವನ್ನೂ ನೋಡದೆ ಬೀದಿ ದಾಟಿದಳು. ಬಗ್ಗಿ ಕುರ್ಚಿ ಎತ್ತಿಕೊಂಡಳು. ಬಗ್ಗಿದಾಗ ಸೀರೆಯ ಹಿಂಭಾಗದ ಒದ್ದೆ ಕಂಡಿತು. ನಲ್ಲಿಯ ಹತ್ತಿರ ಯಾರೋ ಮೂಗಿಗೆ ಸೆರಗು ಹಿಡಿದರು. ಮುದ್ದಮ್ಮ ಕುರ್ಚಿಯನ್ನು ಸೆರಗಿನಿಂದ ಒರೆಸಿ ವ್ಯಾನಿನೊಳಗೆ ಇಟ್ಟು, ಮಗನಿಗಲ್ಲ, ಸೊಸೆಗೆ ಹೇಳಿದಳು:

“ಕಾಲು ಮುರೀಲಿಲ್ಲ ಕಣ್ ಮಗ. ಗಟ್ಟಿ ಕುರ್ಚಿ.”

ಪವಿತ್ರಳಿಗೆ ಮೈಯೆಲ್ಲ ಉರಿದುಹೋಯಿತು. ಬೈದವನ ಮೇಲಲ್ಲ, ಹೊಸ್ತಿಲ ಮೇಲೆ ನಿಂತವನ ಮೇಲೆ!

ಮುದ್ದಮ್ಮನಿಗೆ ಈ ಕಾಯಿಲೆ ಅಂಟಿಕೊಂಡದ್ದು ಹುಲ್ಲಹಳ್ಳಿ ಕಡೆಯ ಗದ್ದೆಗಳಲ್ಲಿ. ಜಗನ್ ಹುಟ್ಟಿದ ಮೇಲೆ ಬಾಣಂತನ ಅನ್ನುವುದು ಏನೂ ನಡೆಯಲಿಲ್ಲ. ಗಂಡ ತೀರಿಕೊಂಡಿದ್ದ, ಕೊಯ್ಲು ನಡೆಯುತ್ತಿತ್ತು. ಹಸಿ ಮೈಯಲ್ಲಿ ಹೊರೆ ಹೊತ್ತಳು. ಗರ್ಭಕೋಶ ಕೆಳಕ್ಕೆ ಜಾರಿತು. ಹೇಳಿಕೊಳ್ಳುವ ಕಾಯಿಲೆ ಅಲ್ಲವಲ್ಲ, ಬಟ್ಟೆ ಬಿಗಿದು ಕಟ್ಟಿಕೊಂಡು ವರ್ಷಗಟ್ಟಲೆ ನಾಟಿ ಹಾಕಿದಳು, ಕಳೆ ಕಿತ್ತಳು, ಆ ಕೂಲಿಯಲ್ಲೇ ರವಿಕುಮಾರನನ್ನು ಹಾಸ್ಟೆಲಿಗೆ ಸೇರಿಸಿ ಓದಿಸಿದಳು. ಕೊನೆಗೆ ಮೈಸೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆದುಹಾಕಿದರು. ಅಂದಿನಿಂದ ಮೂತ್ರ ಅವಳ ಹಿಡಿತಕ್ಕೆ ಸಿಗಲಿಲ್ಲ. ಒಮ್ಮೆ ತಿ. ನರಸೀಪುರದಿಂದ ಬರುವಾಗ ಬಸ್ಸಿನ ಸೀಟು ಒದ್ದೆಯಾಯಿತು. ಪಕ್ಕದವಳು ಕೂಗಿಕೊಂಡಳು. ಕಂಡಕ್ಟರ್ ಸೀಟಿ ಊದಿ ಗದ್ದೆ ಬಯಲಿನ ನಡುವೆ ಅವಳನ್ನು ಇಳಿಸಿದ. ಅಂದು ನಡೆದುಕೊಂಡು ಮನೆಗೆ ಬಂದವಳು ಮತ್ತೆ ಬಸ್ಸು ಹತ್ತಲಿಲ್ಲ. ಮದುವೆ, ಸಾವು, ಹಬ್ಬ ಯಾವುದಕ್ಕೂ ಹೋಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಹಿಂದಿನ ಕೋಣೆಯೇ ಅವಳ ಊರಾಯಿತು. ಅವಳ ತಟ್ಟೆ ಬೇರೆ, ಲೋಟ ಬೇರೆ. ಹಾಗೆ ಬೇರೆ ಮಾಡಿದ್ದು ಹಿರಿಯ ಸೊಸೆ ವನಿತಾ. ಮಾಡಬೇಡ ಎನ್ನದೆ ಇದ್ದವನು ಮಗ ರವಿಕುಮಾರ.

ವ್ಯಾನು ಪವಿತ್ರಳದು. ಬಿಳಿಗೆರೆಯಿಂದ ಸೊಸೆಯಾಗಿ ಬಂದವಳು ಹಟ ಹಿಡಿದು ಡ್ರೈವಿಂಗ್ ಕಲಿತು, ಹಳೆಯ ಮಾರುತಿ ವ್ಯಾನೊಂದನ್ನು ಕೊಂಡು, ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗಿ ಬರುತ್ತಿದ್ದಳು. ಆ ವರ್ಷ ಶಾಲೆಯವರೇ ಬಸ್ಸು ತಂದರು. ವ್ಯಾನು ಮನೆ ಮುಂದೆ ಸುಮ್ಮನೆ ನಿಂತಿತು. ಒಂದು ಭಾನುವಾರ ಅವಳು ಅದನ್ನು ತೊಳೆಯುತ್ತಿದ್ದಾಗ ಮುದ್ದಮ್ಮ ಬಂದು ಜಾರುಬಾಗಿಲಿನ ಅಂಚಿನಲ್ಲಿ ಕೂತು ಒಳಗೆ ಇಣುಕಿದಳು.

“ಇದ್ರೊಳಗೆ ಮಲಿಕ್ಕಂಡು ಓಗ್ಬೋದಾ ಮಗ?”

“ಸೀಟು ಕಿತ್ರೆ ಮಲಗ್ಬೋದು ಅತ್ತೆ. ಯಾಕೆ?”

“ಸುಮ್ಕೆ ಕೇಳ್ದೆ.” ಮುದ್ದಮ್ಮ ಕೈಯಿಂದ ಒಳಗಿನ ಅಗಲ ಅಳೆದಳು. “ನಮ್ ಬಟ್ಟೆ ನಮ್ತಾವ್ಲೇ, ನಮ್ ನೀರು ನಮ್ತಾವ್ಲೇ. ಒದ್ದೆಯಾದ್ರೆ ಬೈಯೋರಿಲ್ಲ... ಸಾಯೋದ್ರೊಳಗೆ ಒಂದ್ಸಲ ಮನುಷ್ಯರಂಗೆ ಕುಂತ್ಕಂಡು ರಸ್ತೆ ನೋಡ್ಬೇಕು ಅನ್ನಿಸ್ತದೆ ಕಣೆ.”

ಅಷ್ಟೇ. ಪವಿತ್ರ ಮರುದಿನವೇ ಸ್ಪ್ಯಾನರ್ ಹಿಡಿದು ಹಿಂದಿನ ಸೀಟುಗಳನ್ನು ಬಿಚ್ಚಿದಳು. ಒಂದು ಕಡೆಗೆ ಉದ್ದಕ್ಕೆ ಪ್ಲೈವುಡ್ ಹಲಗೆ, ಅದರ ಮೇಲೆ ರೆಕ್ಸಿನ್ ಹೊಲಿಸಿದ ಹಾಸಿಗೆ, ಹಲಗೆಯ ಕೆಳಗೆ ಬಟ್ಟೆಯ ಗಂಟು ಮತ್ತು ಅಕ್ಕಿ ಬೇಳೆ ಡಬ್ಬಿ. ಹಿಂಬಾಗಿಲ ಹತ್ತಿರ ನಲ್ಲಿ ಕೂರಿಸಿದ ನೀರಿನ ಕ್ಯಾನು, ಒಂದು ಬರ್ನರಿನ ಸಣ್ಣ ಗ್ಯಾಸ್ ಒಲೆ. ಕಿಟಕಿಗೆ ಸೊಳ್ಳೆಪರದೆಯ ಬಲೆ, ಅದರ ಮೇಲೆ ಹಳೆ ಸೀರೆಯ ಪರದೆ. ಮೂಲೆಗೆ ತೂತಿನ ಕುರ್ಚಿ, ಅದರ ಕೆಳಗೆ ಮುಚ್ಚಳದ ಬಕೆಟ್ಟು. ಬಕೆಟ್ಟಿಗೆ ಒಲೆಯ ಬೂದಿ ಹಾಕಿದರೆ ನಾತ ನಿಲ್ಲುತ್ತದೆ ಎಂದದ್ದು ಮುದ್ದಮ್ಮ. ಕಪಿಲೆಯ ದಂಡೆಗೆ ಮೊದಲ ಸಲ ಓಡಿಸಿ ನೋಡಲು ಹೋದಾಗ ಒಂದು ಎಮ್ಮೆ ಅಡ್ಡ ಬಂತು. ಪವಿತ್ರ ಬ್ರೇಕ್ ಒತ್ತಿದ್ದೇ ತಡ, ಹಲಗೆ, ಹಾಸಿಗೆ, ಪಾತ್ರೆ, ಅತ್ತೆ ಎಲ್ಲ ಒಟ್ಟಿಗೆ ಮುಂದಕ್ಕೆ ಜಾರಿ ಬಂದು ಅವಳ ಸೀಟಿಗೆ ಬಡಿದವು. ಅಯ್ಯೋ ಎಂದು ತಿರುಗಿ ನೋಡಿದರೆ ಮುದ್ದಮ್ಮ ಬೋಗುಣಿಯನ್ನು ತಬ್ಬಿಕೊಂಡು ನಗುತ್ತಿದ್ದಳು! ಮದುವೆಯಾಗಿ ಬಂದಾಗಿನಿಂದ ಅತ್ತೆಯ ನಗುವನ್ನು ಪವಿತ್ರ ಕೇಳಿರಲಿಲ್ಲ. ಆಮೇಲೆ ಮುದ್ದಮ್ಮನೇ ಹಗ್ಗ ತಂದು, ಎತ್ತಿನ ಗಾಡಿಯ ಮೇಲೆ ಹುಲ್ಲಿನ ಹೊರೆ ಬಿಗಿಯುವ ಗಂಟು ಹಾಕಿ, ಒಂದೊಂದನ್ನೂ ಕಟ್ಟಿ ಕೊಟ್ಟಳು.

ಕುರ್ಚಿ ಬೀದಿಗೆ ಬಿದ್ದದ್ದು ಇದಾದ ಮೇಲೆ. ರವಿಕುಮಾರನ ಮಗಳು ಕೋಮಲಳನ್ನು ನೋಡಲು ತಿ. ನರಸೀಪುರದಿಂದ ಗಂಡಿನ ಕಡೆಯವರು ಬಂದ ದಿನ ಪವಿತ್ರ ವ್ಯಾನನ್ನು ಅಕ್ಕಿ ಗಿರಣಿಯ ಹಿಂದೆ ನಿಲ್ಲಿಸಿಕೊಂಡು ಕಾಯಬೇಕಾಯಿತು. ಮುದ್ದಮ್ಮನ ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು. ಬಂದವರು ಉಂಡು, ಹುಡುಗಿಯನ್ನು ಒಪ್ಪಿ ಹೋದರು ಎಂದಷ್ಟೇ ಪವಿತ್ರಳಿಗೆ ತಿಳಿಯಿತು. ಆದರೆ ಅದಾದ ಮೇಲೆ ರವಿಕುಮಾರ ಬದಲಾಗಿಬಿಟ್ಟ. ಒಂದು ಸಂಜೆ ಊಟಕ್ಕೆ ಕೂತವನು ತಾನಾಗಿ ಮಾತು ತೆಗೆದ.

“ನೋಡು ಪವಿತ್ರ, ಅವತ್ತು ಸಿಟ್ಟಲ್ಲಿ ಏನೋ ಅಂದೆ. ಅವ್ವನೂ ಎಷ್ಟು ದಿನ ಅಂತ ಆ ಕೋಣೇಲಿರ್ತಾಳೆ? ಈ ಶುಕ್ರವಾರ ಕರ್ಕೊಂಡು ಹೊರಡು. ಹುಲ್ಲಹಳ್ಳಿ ಕಡೆ ಹೋಗಿ, ಚಾನೆಲ್ ನೀರಿನ ಪಕ್ಕ ತಂಪಾಗಿರತ್ತೆ. ಎರಡು ದಿನ ಇದ್ದು ಬನ್ನಿ. ನಾವೂ ಅವತ್ತು ಮೈಸೂರಿಗೆ ಹೋಗ್ತಿದ್ದೀವಿ, ವನಿತನ ಅಕ್ಕನ ಮನೇಲಿ ನಾಮಕರಣ.”

ಪವಿತ್ರ ನಂಬಲಾರದೆ ಅವನ ಮುಖ ನೋಡಿದಳು. ವನಿತಾ ಚಕ್ಕುಲಿ ಡಬ್ಬಿಯನ್ನೇ ತಂದು ಮುಂದಿಟ್ಟಳು. “ಅತ್ತೆಗೆ ಮೆತ್ತಗಿರೋದು ನೋಡಿ ಕೊಡು,” ಎಂದಳು. ಪವಿತ್ರಳ ಕಣ್ಣು ತುಂಬಿ ಬಂತು. ಛೇ, ಇಷ್ಟು ದಿನ ಇವರನ್ನು ಎಷ್ಟು ಕೆಟ್ಟದಾಗಿ ತಿಳಿದಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಜಗನ್ ತಟ್ಟೆಯಿಂದ ತಲೆ ಎತ್ತಲಿಲ್ಲ. “ನೀವೂ ರಜ ಹಾಕಿ ಬನ್ನಿ” ಎಂದರೆ, “ಶಿಫ್ಟ್ ಇದೆ” ಎಂದು ಮುದ್ದೆ ಮುರಿದ.

ಶುಕ್ರವಾರ ಬೆಳಗ್ಗೆ ಮುದ್ದಮ್ಮ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಹಾಸಿದ ರಬ್ಬರ್ ಶೀಟಿನ ಮೇಲೆ ಕೂತಳು. ಊರು ದಾಟುವ ಮೊದಲೇ ಕೈ ಎತ್ತಿದಳು.

“ಉಲ್ಲಳ್ಳಿ ಬ್ಯಾಡ ಕಣೆ. ಅಲ್ಲಿ ಗದ್ದೆ ಗದ್ದೇಲೂ ನನ್ನ ಬೆವರೇ ಬಿದ್ದದೆ, ಏನ್ ನೋಡಾನ? ಈ ಕಡೆ ತಿರುಗ್ಸು. ಮುಡುಕುತೊರೆ ಬೆಟ್ಟದ ಕೆಳಗೆ ಒಳೆ ಅರೀತದಲ್ಲ, ಸಣ್ಣೋಳಾಗಿದ್ದಾಗ ನೋಡಿದ್ದು, ಅಲ್ಲಿಗೆ ಓಗಾನ.”

“ಭಾವ ಹುಲ್ಲಹಳ್ಳಿ ಅಂದಿದ್ರು ಅತ್ತೆ.”

“ಓಡ್ಸೋಳು ನೀನಾ, ನಿಮ್ ಭಾವನಾ?”

ಪವಿತ್ರ ನಗುತ್ತ ತಿ. ನರಸೀಪುರದ ರಸ್ತೆಗೆ ತಿರುಗಿಸಿದಳು. ಸೀಟಿನ ಕೆಳಗಿನ ಇಂಜಿನ್ ಬಿಸಿಗೆ ಮುದ್ದಮ್ಮ ಆಗಾಗ ಕಾಲು ಎತ್ತಿಕೊಳ್ಳುತ್ತಿದ್ದಳು. ಆದರೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಕಬ್ಬಿನ ಗಾಡಿ ಕಂಡರೆ ಮಾತು, ಮದಗ ಕಂಡರೆ ಮಾತು. ದಾರಿಯಲ್ಲಿ ಹೊಂಗೆ ಮರದ ನೆರಳಿಗೆ ನಿಲ್ಲಿಸಿ, ಗಾಳಿಗೆ ಒಲೆ ಮತ್ತೆ ಮತ್ತೆ ಆರಿದ್ದಕ್ಕೆ ಬಾಗಿಲಿಗೆ ಗೋಣಿಚೀಲ ಕಟ್ಟಿ ಉಪ್ಪಿಟ್ಟು ಮಾಡಿದರು. ಸೈಕಲ್ಲಿನವನೊಬ್ಬ ಕಾಲೂರಿ ನಿಂತು ಒಳಗೆ ಇಣುಕಿದ.

“ಏನಮ್ಮಾ, ಔಸ್ದಿ ಮಾರೋ ಗಾಡಿಯಾ?”

“ಊ ಕಣಪ್ಪ,” ಎಂದಳು ಮುದ್ದಮ್ಮ. “ಮಕ್ಳಿಗೆ ಬುದ್ಧಿ ಬರೋ ಔಸ್ದಿ. ಕಾಲಿಯಾಗೋಗದೆ.”

ತಿ. ನರಸೀಪುರಕ್ಕೆ ಬರುವಷ್ಟರಲ್ಲಿ ಎರಡು ತೊಂದರೆ ಒಟ್ಟಿಗೆ ಬಂದವು. ಕ್ಯಾನಿನ ನಲ್ಲಿ ಸಡಿಲಾಗಿ ದಾರಿಯುದ್ದಕ್ಕೂ ನೀರೆಲ್ಲ ಸೋರಿಹೋಗಿತ್ತು. ಮುದ್ದಮ್ಮ ಬಟ್ಟೆ ಬದಲಾಯಿಸಬೇಕಿತ್ತು. ಹೊಳೆಯ ಕಡೆಗೆ ಹೋಗುವ ಬೀದಿಯಲ್ಲಿ ಒಂದು ಛತ್ರ ಕಂಡಿತು. ಅಂಗಳದಲ್ಲಿ ಸಾಲು ನಲ್ಲಿಗಳು. ಪವಿತ್ರ ಗೇಟಿನ ಪಕ್ಕ ವ್ಯಾನು ನಿಲ್ಲಿಸಿ, ಪರದೆ ಎಳೆದು, “ನೀರು ತಂದ್ಬಿಡ್ತೀನಿ, ಇರಿ ಅತ್ತೆ” ಎಂದು ಕ್ಯಾನು ಹಿಡಿದು ಒಳಗೆ ಹೋದಳು.

ನಲ್ಲಿ ತಿರುಗಿಸಿ ತಲೆ ಎತ್ತಿದರೆ, ಎದುರಿಗೆ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದವನು ಅವಳ ಗಂಡ. ಇಸ್ತ್ರಿ ಮಾಡಿದ ಹೊಸ ಶರ್ಟು. ಹಣೆಗೆ ಕುಂಕುಮ.

ನೀರು ಕ್ಯಾನು ತುಂಬಿ ಹೊರಗೆ ಹರಿಯತೊಡಗಿತು. ಇಬ್ಬರೂ ಅದನ್ನು ನಿಲ್ಲಿಸಲಿಲ್ಲ.

“ಇದಾ ನಿಮ್ಮ ಶಿಫ್ಟು?”

“ಪವಿತ್ರ... ಇಲ್ಲಿಗ್ಯಾಕೆ ಬಂದೆ? ಹುಲ್ಲಹಳ್ಳಿಗೆ ತಾನೆ... ಹೋಗು, ದಮ್ಮಯ್ಯ ಅಂತೀನಿ, ಮೊದ್ಲು ಹೊರಡು ಇಲ್ಲಿಂದ!”

“ಯಾರದು ಕಾರ್ಯ?”

“ಕೋಮಲಂದು. ಮದ್ವೆ ಗಟ್ಟಿ ಮಾಡಿ ವೀಳ್ಯ ಎತ್ತೋದು...” ಜಗನ್ ಒಳಬಾಗಿಲ ಕಡೆ ನೋಡಿ ದನಿ ಇಳಿಸಿದ. “ಹುಡುಗನ ಕಡೆಯೋರು ನೋಡೋಕೆ ಬಂದಾಗ ಅಣ್ಣ ಒಂದು ಮಾತು ಹೇಳ್ಬಿಟ್ಟಿದ್ದಾನೆ. ಅವ್ವ ಹೋದ ವರ್ಷ ತೀರ್ಕೊಂಡ್ಳು ಅಂತ.”

ಪವಿತ್ರಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು. ಚಕ್ಕುಲಿ, ತಂಪಾದ ಚಾನೆಲ್, ಎರಡು ದಿನ... ಹೆತ್ತವಳನ್ನು ದೂರ ಸಾಗಿಸಿ ಮದುವೆ ಮಾತಾಡಲು ಅವರು ಹೂಡಿದ್ದ ಆಟ! ಅವಳು ಕೈಯಾರೆ ಕೊರೆದು, ಬಿಗಿದು, ಹೊಲಿದು ಮಾಡಿದ ಗಾಡಿಯಲ್ಲೇ, ಅವಳ ಕೈಯಿಂದಲೇ ಅತ್ತೆಯನ್ನು ಬಚ್ಚಿಡಿಸಿದ್ದರು. ಆ ಹಿಂದಿನ ಕೋಣೆಗೆ ತಾನು ಚಕ್ರ ಕಟ್ಟಿಕೊಟ್ಟ ಹಾಗಾಯಿತಲ್ಲ!

“ನಿನಗೆ ಗೊತ್ತಿತ್ತು.” ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು. “ಗೊತ್ತಿದ್ದು ತಟ್ಟೆ ಮುಂದೆ ಕೂತು ಮುದ್ದೆ ನುಂಗ್ದೆ.”

“ಅವ್ವನ ಕಾಯಿಲೆ ಗೊತ್ತಾದ್ರೆ ಕೋಮಲನ ಸಂಬಂಧ ತಪ್ಪೋಗತ್ತೆ ಅಂತ ಅಣ್ಣ...”

“ಅಣ್ಣ! ನಿಮ್ಮವ್ವ ಕೂಲಿ ಮಾಡ್ವಾಗ ಗೌಡ್ರ ಮನೇಲಿ ಅವಳನ್ನ ಕೊಟ್ಟಿಗೆ ಹಿಂದೆ ಕೂರ್ಸಿ, ಮೇಲಿಂದ ಮುದ್ದೆ ಹಾಕ್ತಿದ್ರಂತೆ. ಅದನ್ನ ಭಾಷಣದಲ್ಲಿ ಹೇಳ್ಕೊಂಡು ತಿರುಗ್ತಾನಲ್ಲ ನಿಮ್ಮಣ್ಣ, ನಮ್ಮನ್ನ ಮನುಷ್ಯರು ಅಂತ ನೋಡ್ಲಿಲ್ಲ ಅಂತ! ಆ ಗೌಡ್ರಾದ್ರೂ ಅವಳು ಬದುಕಿದ್ದಾಳೆ ಅಂತ ಒಪ್ಕೊಂಡಿದ್ರು ಕಣೋ. ನೀವು ಕೊಂದೇಬಿಟ್ರಲ್ಲೋ!”

ಜಗನ್ ಅಳತೊಡಗಿದ. ಆ ಅಳು ಕಂಡು ಅವಳಿಗೆ ಇನ್ನಷ್ಟು ಅಸಹ್ಯವಾಯಿತು. ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದಳು. ಕೂಗಿ ಹೇಳಬೇಕು, ಎಲ್ಲರ ಮುಂದೆ ಆ ಮನುಷ್ಯನ ಮುಖವಾಡ ಹರಿಯಬೇಕು ಎಂದುಕೊಂಡೇ ನುಗ್ಗಿದಳು.

ಹಜಾರದ ತುಂಬ ಜನ. ಜಮಖಾನದ ಮೇಲೆ ಕೋಮಲ ಹೊಸ ಸೀರೆಯಲ್ಲಿ, ತಲೆ ತುಂಬ ಹೂವು ಮುಡಿದು ಕೂತಿದ್ದಳು. ಪೂರ್ವದ ಗೋಡೆಗೆ ಮಣೆ ಹಾಕಿ, ಕಳಸ ಇಟ್ಟು, ಅದರ ಮುಂದೆ ಮಡಿಕೆ ಬಿಚ್ಚದ ಹೊಸ ಸೀರೆ ಇಟ್ಟಿದ್ದರು. ಸೀರೆಯ ಮುಂದೆ ಬಾಳೆ ಎಲೆ, ಎಲೆಯ ತುಂಬ ಅನ್ನ, ಒಬ್ಬಟ್ಟು, ಪಾಯಸ, ವಡೆ. ಪವಿತ್ರ ಬಾಗಿಲ ಹತ್ತಿರವೇ ನಿಂತುಬಿಟ್ಟಳು. ಹಿರಿಯರ ಎಡೆ! ಸತ್ತವರಿಗೆ ಎಡೆ ಇಟ್ಟು ಅವರ ಅಪ್ಪಣೆ ಪಡೆಯದೆ ಈ ಜನ ವೀಳ್ಯ ಎತ್ತುವುದಿಲ್ಲ. ಗಂಡಿನ ಅಜ್ಜಿ ಮಹದೇವಮ್ಮ ಆ ಶಾಸ್ತ್ರ ಬಿಡಲಾಗದು ಎಂದು ಹಟ ಹಿಡಿದಿರಬೇಕು. ಸುಳ್ಳು ಹೇಳಿದ ಬಾಯಿಗೆ ಬೇಡ ಎನ್ನಲು ದಾರಿ ಎಲ್ಲಿತ್ತು? ರವಿಕುಮಾರ ಪಂಚೆ ಉಟ್ಟು, ಕೈ ಮುಗಿದು, ಬದುಕಿರುವ ತಾಯಿಯ ಎಡೆಯ ಮುಂದೆ ನಿಂತಿದ್ದ!

ಗಂಡಿನ ಕಡೆಯ ಹಿರಿಯ ದೊಡ್ಡಮಾದಯ್ಯ ಕರ್ಪೂರ ಹಚ್ಚಿ, ಕಾಯಿ ಎತ್ತಿ ಹಿಡಿದ.

“ರವಿಕುಮಾರಪ್ನೋರೇ, ನಿಮ್ ತಾಯಿ ಎಸ್ರು ಇಡ್ದು ಗಟ್ಟಿಯಾಗಿ ಕರೀರಿ. ಕಾಯಿ ಒಡೀತೀನಿ.”

ರವಿಕುಮಾರ ಗಂಟಲು ಸರಿಮಾಡಿಕೊಂಡ.

“ಮುದ್ದಮ್ಮ...”

“ಏನ್ಲಾ?”

ಬಾಗಿಲಲ್ಲಿ ಮುದ್ದಮ್ಮ ನಿಂತಿದ್ದಳು. ನೀರು ತರಲು ಹೋದ ಸೊಸೆ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದಳು. ಮಗ ಕರೆದ, ಓಗೊಟ್ಟಳು; ಅಷ್ಟೇ.

ಇಡೀ ಹಜಾರ ತಿರುಗಿ ನೋಡಿತು. ರವಿಕುಮಾರನ ಮುಖದಲ್ಲಿ ರಕ್ತವೇ ಇರಲಿಲ್ಲ. ವನಿತಾ ಕಂಬ ಹಿಡಿದುಕೊಂಡಳು. ಮಹದೇವಮ್ಮ ಕನ್ನಡಕ ಸರಿಮಾಡಿಕೊಂಡು ಎದ್ದಳು.

“ಯಾರವ್ವಾ ನೀವು?”

ಮುದ್ದಮ್ಮ ಒಂದು ಹೆಜ್ಜೆ ಒಳಗೆ ಬಂದಳು. ಅವಳ ಕಣ್ಣು ಎಲೆಯ ಮೇಲೆ ಹೋಯಿತು, ಸೀರೆಯ ಮೇಲೆ ಹೋಯಿತು, ಕಳಸದ ಮೇಲೆ, ಮಗನ ಮುಗಿದ ಕೈಯ ಮೇಲೆ... ಗದ್ದೆಯಲ್ಲಿ ಬೆಳೆದವಳು, ಎಷ್ಟೋ ಜನರಿಗೆ ಎಡೆ ಇಟ್ಟವಳು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪವಿತ್ರ ಬಾಯಿ ತೆರೆದಳು. ಇನ್ನೇನು ಕೂಗಬೇಕು, ಮುದ್ದಮ್ಮನ ಒರಟು ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಮೂಳೆ ನೋಯುವಷ್ಟು ಬಿಗಿ. ಮುದ್ದಮ್ಮ ನೋಡುತ್ತಿದ್ದದ್ದು ಈಗ ಮೊಮ್ಮಗಳನ್ನು. ಕೋಮಲ ತಲೆ ಬಗ್ಗಿಸಿಕೊಂಡಿದ್ದಳು, ಅವಳ ತುಟಿ ನಡುಗುತ್ತಿತ್ತು, ಮುಡಿದ ಹೂವೂ ನಡುಗುತ್ತಿತ್ತು.

“ನಾನು ಮುದ್ದಮ್ಮನ ತಂಗಿ ಕಣವ್ವ,” ಎಂದಳು ಮುದ್ದಮ್ಮ. “ದೂರದಲ್ಲಿವ್ನಿ. ಅಕ್ಕನ ಎಸ್ರು ಕೂಗುದ್ರಲ್ಲ, ಕರುಳು ಚುರುಕ್ ಅಂತು... ಬಾಯಿಗೆ ಬಂದ್ಬುಡ್ತು.”

“ಅಯ್ಯೋ ತಾಯಿ! ಸರಿಯಾದ ಒತ್ಗೆ ಬಂದ್ರಿ!” ಮಹದೇವಮ್ಮ ಅವಳ ಎರಡೂ ಕೈ ಹಿಡಿದು ಎಡೆಯ ಮುಂದೆ ಕೂರಿಸಿದಳು. “ಎತ್ತೋಳ ಒಡುಟ್ಟಿದೋಳು ಅಂದ್ರೆ ಎತ್ತೋಳೇ. ಈ ಎಡೆ ನೀವೇ ಉಣ್ಬೇಕು, ಈ ಸೀರೆ ನಿಮ್ಗೇ ಸೇರ್ಬೇಕು. ರವಿಕುಮಾರಪ್ಪ, ಏನ್ ನಿಂತ್ಕೊಂಡ್ ನೋಡ್ತಿದ್ದೀರಿ? ಚಿಕ್ಕವ್ವನ ಕಾಲಿಗೆ ಬೀಳಿ!”

ಕಾಯಿ ಒಡೆಯಿತು. ಮುದ್ದಮ್ಮ ಎಲೆಗೆ ಕೈ ಹಾಕಿದಳು. ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

“ಬರೀ ಸೀ ಮಡಗಿದ್ದೀರಲ್ಲಪ್ಪ. ನಿಮ್ಮವ್ವಂಗೆ ಸೀ ಆಯ್ತಿರ್ಲಿಲ್ಲ. ಉಪ್ಸಾರು ಅಂದ್ರೆ ಪ್ರಾಣ ಬುಡೋಳು. ಗೊತ್ತಿರ್ಲಿಲ್ವಾ?”

ಯಾರೋ ಗಂಡಸರು ನಕ್ಕರು. ರವಿಕುಮಾರ ಬಗ್ಗಿ ಅವಳ ಪಾದ ಮುಟ್ಟಿದ. ಎಷ್ಟು ವರ್ಷಗಳ ಮೇಲೆ ಆ ಕಾಲು ಮುಟ್ಟಿದ್ದನೋ! ಮುದ್ದಮ್ಮ ಎಂಜಲು ಕೈಯನ್ನು ಮೇಲೆತ್ತಿ ಹಿಡಿದು, ಎಡಗೈಯನ್ನು ಅವನ ತಲೆಯ ಮೇಲಿಟ್ಟಳು. ಅವಳ ದನಿಯಲ್ಲಿ ನಡುಕವೇ ಇರಲಿಲ್ಲ.

“ನಿಮ್ಮವ್ವಂಗೆ ಮಣ್ಣು ಕೊಟ್ಟೋರು ಯಾರಪ್ಪ?”

ರವಿಕುಮಾರ ಏಳಲು ನೋಡಿದ; ತಲೆಯ ಮೇಲಿನ ಕೈ ಬಿಡಲಿಲ್ಲ.

“ಕೇಳ್ತಾವ್ನಿ ಕಣಪ್ಪ. ಯಾರು?”

“ನಾ... ನಾನೇ.”

“ಚೆಂದಾಗಿ ಆಕ್ದೆ ತಾನೆ? ಎದ್ ಬರ್ದಂಗೆ?”

ರವಿಕುಮಾರ ಅವಳ ಪಾದದ ಮೇಲೆ ಹಣೆ ಇಟ್ಟವನು ಎದ್ದೇಳಲಿಲ್ಲ. ಅವನ ಬೆನ್ನು ಕುಲುಕುತ್ತಿತ್ತು. ನೋಡಿದವರು ಸತ್ತ ತಾಯಿಯನ್ನು ನೆನೆದು ಅಳುತ್ತಿದ್ದಾನೆ ಎಂದು ತಿಳಿದು ಕಣ್ಣೊರೆಸಿಕೊಂಡರು. ಪವಿತ್ರಳಿಗೆ ಅವನ ಆ ಬೆನ್ನಿಗೆ ಒದೆಯಬೇಕು ಅನ್ನಿಸಿತು. ಅವನಾದ ಮೇಲೆ ಕೋಮಲ ಬಂದು ಬಿದ್ದಳು. “ಅಜ್ಜಿ...” ಎಂದಳು, ಬೇರೆ ಯಾರಿಗೂ ಕೇಳದ ಹಾಗೆ. “ಅಜ್ಜಿ, ನಾನು ಹೇಳ್ಬಿಡ್ತೀನಿ... ನಂಗೆ ಬೇಡ ಈ ಮದ್ವೆ...” ಮುದ್ದಮ್ಮ ಅವಳ ಬಾಯಿಗೆ ಒಬ್ಬಟ್ಟಿನ ಚೂರು ತುರುಕಿದಳು. “ಉಣ್ಣು ಕೂಸು. ಬಾಯ್ ತುಂಬಾ ಉಣ್ಣು.” ಒದ್ದೆ ಹಬ್ಬುವ ಮೊದಲೇ ಎಡೆಯ ಹೊಸ ಸೀರೆಯನ್ನು ಎತ್ತಿ ಹಿಂದಕ್ಕೆ ಮರೆ ಹಿಡಿದುಕೊಂಡು, ಸೊಸೆಯ ಹೆಗಲು ಹಿಡಿದು ಎದ್ದಳು.

ಅಂಗಳದಲ್ಲಿ ಜಗನ್ ತುಂಬಿದ ಕ್ಯಾನನ್ನು ವ್ಯಾನಿನವರೆಗೆ ಹೊತ್ತು ತಂದಿದ್ದ. “ನಾನೂ ಬರ್ತೀನಿ ಅವ್ವ,” ಎಂದ.

ಪವಿತ್ರ ಅವನ ಕೈಯಿಂದ ಕ್ಯಾನು ಕಿತ್ತುಕೊಂಡಳು. “ಸೀಟು ಬಿಚ್ಚಾಗಿದೆ. ಇಬ್ಬರಿಗೇ ಜಾಗ ಇರೋದು. ನೀನು ನಿಮ್ಮಣ್ಣನ ತಟ್ಟೆ ಹಿಡ್ಕೋ, ಹೋಗು.”

ಮುದ್ದಮ್ಮ ಪರದೆಯ ಹಿಂದೆ ಬಟ್ಟೆ ಬದಲಾಯಿಸುತ್ತಿದ್ದಳು. ಅಷ್ಟರಲ್ಲಿ ಮಹದೇವಮ್ಮ ಎಲೆಯಡಿಕೆ, ಬಾಳೆಹಣ್ಣು ಕಟ್ಟಿಕೊಂಡು ಒಬ್ಬಳೇ ಹೊರಗೆ ಬಂದಳು. ಪವಿತ್ರ ತಡೆಯುವ ಮೊದಲೇ ಜಾರುಬಾಗಿಲು ಸರಿಸಿ ಒಳಗೆ ತಲೆ ಹಾಕಿದಳು. ಹಲಗೆ, ರಬ್ಬರ್ ಶೀಟು, ಒದ್ದೆ ಬಟ್ಟೆಯ ಬಕೆಟ್ಟು, ತೂತಿನ ಕುರ್ಚಿ. ಎಲ್ಲವನ್ನೂ ಒಂದೊಂದಾಗಿ ನೋಡಿದಳು.

“ಎಷ್ಟು ದಿವಸದಿಂದ ಅಕ್ಕ?” ಎಂದಳು ಮಹದೇವಮ್ಮ ಮೆಲ್ಲಗೆ.

“ಬಾಳ ದಿವಸ ಆಯ್ತು.”

“ನಂಗೂ ಇಂಗೇಯ.” ಮುದುಕಿ ಸುತ್ತ ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಬಟ್ಟೆ ಮೇಲೆ ಬಟ್ಟೆ ಕಟ್ಕಂಡು ಬಂದಿವ್ನಿ ಇವತ್ತೂ. ನಮ್ಮನೇಲಿ ಎಲ್ರಿಗೂ ಗೊತ್ತು, ನನ್ ಮೊಮ್ಮಗನೇ ಒಂದೊಂದ್ ದಿನ ಆಸ್ಗೆ ಒಣಾಕ್ತಾನೆ. ಆದ್ರೂ ನಾಕು ಜನದ ಮುಂದೆ ಜೀವ ಇಷ್ಟಾಗ್ಬುಡ್ತದೆ. ಈ ಕುರ್ಚಿ ಯಾರ್ ಮಾಡ್ಕೊಟ್ರು?”

“ನನ್ ಸೊಸೆ.”

“ಪುಣ್ಯ ಮಾಡಿದ್ದೀರಿ ಕಣಕ್ಕ,” ಎಂದು ಮಹದೇವಮ್ಮ ಮಡಿಲಿಗೆ ಎಲೆಯಡಿಕೆ ಹಾಕಿ, ಒಳಗೆ ಕರೆಯುತ್ತಿದ್ದಾರೆಂದು ಹೋದಳು.

ಪವಿತ್ರ ಇಂಜಿನ್ ಶುರು ಮಾಡಿದಳು. ಗೇರು ಬೀಳಲಿಲ್ಲ, ಮತ್ತೆ ಹಾಕಿದಳು. ಊರು ದಾಟಿ ತಲಕಾಡಿನ ರಸ್ತೆ ಹಿಡಿದಳು. ಯಾರಿಗೆ ಹೆದರಿ ತಾಯಿಯನ್ನು ಕೊಂದನೋ ಆ ಮುದುಕಿಗೂ ಅದೇ ಕಾಯಿಲೆ! ಅವನು ಬಾಯಿಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಅವಳು ಇನ್ನೂ ಹತ್ತಿರ ಸರಿದು ಕೂರುತ್ತಿದ್ದಳು. ಕೊನೆಗೆ ಪವಿತ್ರ ತಡೆಯಲಾರದೆ ಕೂಗಿಯೇಬಿಟ್ಟಳು:

“ಯಾಕತ್ತೆ ಬಿಟ್ರಿ? ಅಷ್ಟು ಜನದ ಮುಂದೆ ಒಂದು ಮಾತು ಹೇಳಿದ್ರೆ ಮುಗೀತಿತ್ತು! ಆಮೇಲಾದ್ರೂ ಆ ಅಜ್ಜಿಗೆ ಹೇಳ್ಬೋದಿತ್ತಲ್ಲ!”

“ಏಳಿದ್ರೆ ಅವ್ನ ಮಾನ ಓಗೋದು, ಅದ್ರ ಜತೆಗೆ ಆ ಕೂಸಿಂದೂ ಓಗೋದು. ಸುಳ್ಳನ ಮಗಳು ಅನ್ನುಸ್ಕಂಡು ಬಾಳ್ಬೇಕಾ ಅದು?” ಮುದ್ದಮ್ಮ ಹೊರಗೆ ನೋಡುತ್ತಲೇ ಹೇಳಿದಳು. “ಆ ಮನೇಲಿ ಮುದ್ಕಿ ಆಸ್ಗೆ ಒಣಾಕೋ ಗಂಡುಡ್ಗ ಅವ್ನೆ. ಉಡ್ಗಿ ಕೊಡ್ಬೋದು. ಕೊಟ್ಟಾಯ್ತು.”

“ಹಂಗಾದ್ರೆ ಭಾವನ್ನ ಕ್ಷಮಿಸಿಬಿಟ್ರಾ?”

ಮುದ್ದಮ್ಮ ಮಡಿಲಲ್ಲಿದ್ದ ಹೊಸ ಸೀರೆಯನ್ನು ಬಿಚ್ಚಿದಳು. ಅಂಚನ್ನು ಹಲ್ಲಿನಿಂದ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಪರ್ ಎಂದು ಸೀಳಿದಳು. ಉದ್ದಕ್ಕೆ ಒಂದು ಪಟ್ಟಿ ಬಂತು. ಅದನ್ನು ಮಡಿಸಿ ಹಲಗೆಯ ಮೇಲಿಟ್ಟು ಇನ್ನೊಂದು ಸೀಳಿದಳು. ಆ ಸದ್ದು ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು.

“ಒಳ್ಳೆ ನೂಲು. ಚೆಂದಾಗಿ ಈರ್ಕತ್ತದೆ,” ಎಂದಳು. “ಕ್ಷಮ್ಸೋಕೆ ನಾನ್ಯಾರು ಮಗ? ಅವ್ನವ್ವ ಸತ್ತೋದ್ಲು. ಅವ್ನೇ ಎಡೆ ಇಟ್ಟ, ನಾನೇ ಉಂಡೆ. ಸತ್ತೋಳು ತಿರ್ಗಾ ಆ ಮನೆ ಒಸ್ಲು ತುಳೀಬಾರ್ದು. ನೀನು ಯಾವಾಗ ಬೇಕಾದ್ರೂ ವಾಪಸ್ ಓಗು, ನಿನ್ ಗಂಡ ಅವ್ನೆ. ನನ್ನ ಎಲ್ಲಾರ ಇಳ್ಸು.”

“ಇಳ್ಸಲ್ಲ!” ಪವಿತ್ರ ಚೀರಿದಳು. “ಯಾರನ್ನೂ ಇಳ್ಸಲ್ಲ ನಾನು! ಬಿಳಿಗೆರೇಲಿ ನಮ್ಮಪ್ಪನ ಮನೆ ಹಿತ್ತಲಲ್ಲಿ ಗಾಡಿ ನಿಲ್ಸೋಣ, ಅಲ್ಲಿಂದ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗೋಣ, ಮತ್ತೆ ಬರೋಣ. ಬಸ್ಸಿಂದ ಒಬ್ಬ ಇಳ್ಸಿದ್ದು ಸಾಲದಾ ನಿಮ್ಮನ್ನ? ಥೂ! ಎಲ್ಲಾ...”

ಮಾತು ಅಲ್ಲೇ ಮುರಿಯಿತು. ಅಷ್ಟು ಹೊತ್ತು ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟೆಲ್ಲ ಕಣ್ಣಿನಿಂದ ಸುರಿಯಿತು. ರಸ್ತೆ ಮಸುಕಾಯಿತು. ಎದುರಿಗೆ ಕಬ್ಬಿನ ಲಾರಿಯೊಂದು ಹಾರನ್ ಹೊಡೆಯುತ್ತ ಬರುತ್ತಿತ್ತು. ವ್ಯಾನು ಮಣ್ಣಿನ ಅಂಚಿಗೆ ಇಳಿದು ತುಯ್ದಾಡಿ ಮತ್ತೆ ರಸ್ತೆಗೆ ಹತ್ತಿತು.

ಮುದ್ದಮ್ಮ ಸೀಳಿದ ಬಟ್ಟೆಯ ಒಂದು ತುಂಡನ್ನು ಸೊಸೆಯ ಕೈಗೆ ತುರುಕಿದಳು.

“ಕಣ್ ಒರ್ಸ್ಕೊಂಡು ಓಡ್ಸೆ,” ಎಂದಳು. “ನಂಗಿನ್ನೂ ಸಾಯಾಕೆ ಮನ್ಸಿಲ್ಲ.”